ಚೇತರಿಕೆಯ ಕಾಲಂನಲ್ಲಿ ‘ಇಲ್ಲ’ ಎಂದು ಬರೆದವರಿಗೆ

ಭಾನುವಾರದಿಂದ ಮನಸ್ಸು ಕುದಿಯುತ್ತಿದೆ. ಬರೆದು ಮುಗಿಸುವವರೆಗೆ ನಿದ್ದೆ ಹತ್ತುವುದಿಲ್ಲ ಎಂದು ಗೊತ್ತಾಗಿ ಈಗ ಕುಳಿತಿದ್ದೇನೆ. ಉದ್ದವಾಗುತ್ತದೆ, ಪುರುಸೊತ್ತಾದಾಗ ಓದಿ.

ಅಕ್ಕನ ಮಗಳು ಮದುವೆಯ ಕರೆಯೋಲೆ ಹಿಡಿದು ಬೆಂಗಳೂರಿನಿಂದ ಬಂದಿದ್ದಳು. ಅಂದಿಗೆ ಮದುವೆಗೆ ಸರಿಯಾಗಿ 38 ದಿನ ಉಳಿದಿತ್ತು. ಊಟ ಮುಗಿದ ಮೇಲೆ ಅಕ್ಕ ಹಿತ್ತಲಿಗೆ ಹೋದ ಸಮಯ ನೋಡಿ ಮೊಬೈಲನ್ನು ನನ್ನ ಮುಂದೆ ಹಿಡಿದಳು. “ಚಿಕ್ಕಮ್ಮ, ನೀವು ಇದೇ ವಾರ್ಡಿನಲ್ಲಿ ಇದ್ದವರಲ್ಲವೇ, ಇದರಲ್ಲಿ ಯಾವುದು ಮಾಡಿಸಿಕೊಳ್ಳಲಿ ಹೇಳಿ. ಅಮ್ಮನಿಗೆ ಹೇಳಬೇಡಿ.”

ಯಾವುದೋ ಕ್ಲಿನಿಕ್‌ನವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಕೋಷ್ಟಕ ಅದು. ಗದ್ದ ತುಂಬಿಸುವ ಫಿಲ್ಲರ್, ದವಡೆಯ ಸ್ನಾಯುವನ್ನು ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದು, ಗದ್ದದ ಅಡಿಯ ಕೊಬ್ಬು ಕರಗಿಸುವ ಚುಚ್ಚುಮದ್ದು, ಚರ್ಮದೊಳಗೆ ದಾರ ಹಾಕಿ ಎಳೆಯುವುದು, ಸಿಲಿಕೋನ್ ಇಂಪ್ಲಾಂಟ್. ಒಂದೊಂದರ ಮುಂದೆಯೂ ದರ, ಮದುಮಕ್ಕಳಿಗೆ ರಿಯಾಯಿತಿ. ಕೊನೆಯ ಕಾಲಂನ ಹೆಸರು ‘ಚೇತರಿಕೆ’. ಮೊದಲ ನಾಲ್ಕಕ್ಕೆ ‘ಇಲ್ಲ’ ಎಂದು ಬರೆದಿದ್ದರು. ಇಂಪ್ಲಾಂಟ್‌ನ ಮುಂದೆ ‘2 ದಿನ’.

ಹದಿನೆಂಟು ವರ್ಷ ನಾನು ಯಾವ ವಾರ್ಡಿನಲ್ಲಿ ನರ್ಸ್ ಆಗಿದ್ದೆ ಎಂದು ಇಲ್ಲಿರುವ ಬಹುತೇಕರಿಗೆ ಗೊತ್ತು. ಡೆಂಟಲ್ ಕಾಲೇಜಿನ ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸೆಯ ವಾರ್ಡು. ಅಲ್ಲಿ ನಾನು ಮಾಡಿದ ಕೆಲಸವೆಲ್ಲ ಆ ಕೊನೆಯ ಕಾಲಂಗೆ ಸೇರಿದ್ದು. ಕುಯ್ಯುವುದು ಡಾಕ್ಟರರ ಕೆಲಸ, ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಉಳಿದ ದಿನಗಳೆಲ್ಲ ನಮ್ಮವು, ರೋಗಿಯವು, ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮಲಗುವ ತಾಯಂದಿರವು. ಅದನ್ನೆಲ್ಲ ‘ಇಲ್ಲ’ ಎಂಬ ಎರಡಕ್ಷರದಲ್ಲಿ ಅಳಿಸಿಹಾಕಿದ್ದನ್ನು ನೋಡಿ ನನಗೆ ಕೈ ನಡುಗಿತು.

ನಮ್ಮ ವಾರ್ಡಿನಲ್ಲಿ ಮೂರನೆಯ ದಿನದ ಬಗ್ಗೆ ಒಂದು ಕಟ್ಟುನಿಟ್ಟು ಇತ್ತು. ದವಡೆಯ ಆಪರೇಷನ್ ಆದ ಮೇಲೆ ಎರಡನೆಯ, ಮೂರನೆಯ ದಿನಕ್ಕೆ ಊತ ತುತ್ತತುದಿಗೆ ಏರುತ್ತದೆ. ಕತ್ತಿಗೂ ಮುಖಕ್ಕೂ ನಡುವೆ ಗೆರೆಯೇ ಕಾಣುವುದಿಲ್ಲ. ತುಟಿ ಹೊರಕ್ಕೆ ಮಡಚಿಕೊಂಡು ಜೊಲ್ಲು ಸುರಿಯುತ್ತಿರುತ್ತದೆ. ಆ ದಿನ ರೋಗಿ ಕನ್ನಡಿ ಕೇಳಿದರೆ ಒಬ್ಬರು ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಳ್ಳಬೇಕು, ಆಮೇಲೆ ಕೊಡಬೇಕು. ಸಿರಿಂಜಿನ ತುದಿಗೆ ರಬ್ಬರ್ ನಳಿಕೆ ಸಿಕ್ಕಿಸಿ, ಕೆನ್ನೆಯ ಸಂದಿನಿಂದ ಬಟ್ಟೆಯಲ್ಲಿ ಸೋಸಿದ ರಾಗಿ ಗಂಜಿ ಬಿಡುತ್ತಿದ್ದೆವು. ಒಂದು ಲೋಟ ಗಂಜಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು.

“ಅದು ದೊಡ್ಡ ಆಪರೇಷನ್ ಚಿಕ್ಕಮ್ಮ, ಇದು ಬರೀ ಸೂಜಿ” ಎಂದಳು ಹುಡುಗಿ. ಸರಿ, ಸೂಜಿಯದೇ ಮಾತಾಡೋಣ.

ಹಲ್ಲು ಕಚ್ಚಿ ಹಿಡಿದರೆ ಕೆನ್ನೆಯ ಹಿಂಭಾಗದಲ್ಲಿ ಒಂದು ಸ್ನಾಯು ಉಬ್ಬುತ್ತದೆ. ಅದರ ಮುಂದುಗಡೆಗೆ, ದವಡೆಯ ಕೆಳ ಅಂಚಿನ ಮೇಲೆ ಬೆರಳಿಟ್ಟು ನೋಡಿ. ನಾಡಿ ಬಡಿಯುತ್ತದೆ. ಮುಖಕ್ಕೆ ರಕ್ತ ಒಯ್ಯುವ ಅಪಧಮನಿ ಅಲ್ಲಿಯೇ ಎಲುಬನ್ನು ದಾಟಿ ಮೇಲೇರುತ್ತದೆ. ದವಡೆಗೆ ಫಿಲ್ಲರ್ ತುಂಬುವವರ ಸೂಜಿ ಓಡಾಡುವುದು ಅದರ ಆಸುಪಾಸಿನಲ್ಲಿ. ಫಿಲ್ಲರ್ ಎಂದರೆ ಸಾಮಾನ್ಯವಾಗಿ ಹಯಲುರಾನಿಕ್ ಆಮ್ಲದ ಜೆಲ್. ಬಲ್ಲ ಕೈಯಲ್ಲಿ ಅರ್ಧ ಗಂಟೆಯ ಕೆಲಸ ನಿಜ, ಒಂದೆರಡು ವಾರದಲ್ಲಿ ಊತ ಇಳಿದು ಕಂದಿದ ಬಣ್ಣ ಹೋಗಿ ಆಕಾರ ನಿಲ್ಲುವುದೂ ನಿಜ. ವರ್ಷದ ಆಸುಪಾಸಿನಲ್ಲಿ ಕರಗುತ್ತದೆ, ಮತ್ತೆ ಹಾಕಿಸಬೇಕು. ಆದರೆ ಆ ಜೆಲ್ ರಕ್ತನಾಳದೊಳಗೆ ಹೋಯಿತೆನ್ನಿ, ಚರ್ಮ ಸುಣ್ಣದಂತೆ ಬಿಳಿಚಿಕೊಳ್ಳುತ್ತದೆ, ಆಮೇಲೆ ಬಲೆಯಂತೆ ನೀಲಿಗಟ್ಟುತ್ತದೆ. ಆಗ ಹಯಲುರಾನಿಡೇಸ್ ಎಂಬ ಕರಗಿಸುವ ಮದ್ದನ್ನು ತಕ್ಷಣ ಚುಚ್ಚಬೇಕು. ತಡವಾದರೆ ಅಷ್ಟು ಜಾಗದ ಚರ್ಮ ಸತ್ತುಹೋಗುತ್ತದೆ. ಅಪರೂಪಕ್ಕೆ ಕಣ್ಣಿನ ದೃಷ್ಟಿ ಹೋದದ್ದೂ ಉಂಟು. ಕ್ಯಾಲ್ಸಿಯಂ ಆಧಾರಿತ ಫಿಲ್ಲರ್ ಆದರೆ ಈ ಮದ್ದಿಗೆ ಅದು ಕರಗುವುದೇ ಇಲ್ಲ. “ಆ ಕ್ಲಿನಿಕ್‌ನ ಫ್ರಿಜ್‌ನಲ್ಲಿ ಹಯಲುರಾನಿಡೇಸ್ ಇದೆಯೇ, ಕೇಳಿದ್ದೀಯಾ?” ಎಂದೆ. ಆ ಹೆಸರನ್ನೇ ಅವಳು ಕೇಳಿರಲಿಲ್ಲ. ಮುಂಗಡವೆಂದು ಐದು ಸಾವಿರ ಮಾತ್ರ ಕೊಟ್ಟುಬಂದಿದ್ದಳು.

ಕೊಬ್ಬು ಕರಗಿಸುವ ಚುಚ್ಚುಮದ್ದಿನ ಮುಂದೆಯೂ ‘ಇಲ್ಲ’ ಎಂದು ಬರೆದಿದ್ದರಲ್ಲ, ನನ್ನ ಸಿಟ್ಟು ನೆತ್ತಿಗೇರಿದ್ದು ಅಲ್ಲಿ. ಅದು ಡಿಆಕ್ಸಿಕೋಲಿಕ್ ಆಮ್ಲ. ನಮ್ಮ ಪಿತ್ತದಲ್ಲೇ ಇರುವ, ಕೊಬ್ಬನ್ನು ಒಡೆಯುವ ವಸ್ತು. ಗದ್ದದ ಅಡಿಗೆ ಚುಚ್ಚಿದರೆ ಅಲ್ಲಿನ ಕೊಬ್ಬಿನ ಕೋಶಗಳನ್ನು ಕೊಲ್ಲುತ್ತದೆ. 2015ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಾಗಲೇ ಷರತ್ತುಗಳನ್ನು ಬರೆದಿಟ್ಟಿತ್ತು: ಒಂದು ಸುತ್ತಿಗೂ ಇನ್ನೊಂದಕ್ಕೂ ಕನಿಷ್ಠ ಒಂದು ತಿಂಗಳ ಅಂತರ, ಹೆಚ್ಚೆಂದರೆ ಆರು ಸುತ್ತು. ಪ್ರತಿ ಸುತ್ತಿಗೂ ಗದ್ದದ ಕೆಳಗೆ ಚೀಲ ಕಟ್ಟಿದಂತೆ ಊದಿಕೊಳ್ಳುತ್ತದೆ. ಕೆಳತುಟಿಯ ಮೂಲೆಯನ್ನು ಕೆಳಕ್ಕೆ ಎಳೆಯುವ ಒಂದು ಸಣ್ಣ ನರ ದವಡೆಯ ಅಂಚಿನಲ್ಲೇ ಹಾದುಹೋಗುತ್ತದೆ. ಮದ್ದು ಅದಕ್ಕೆ ತಗುಲಿದರೆ ನಕ್ಕಾಗ ಬಾಯಿ ಒಂದು ಕಡೆಗೆ ಸೊಟ್ಟಗಾಗುತ್ತದೆ. ಒಪ್ಪಿಗೆಗೆ ಮುಂಚಿನ ಪ್ರಯೋಗಗಳಲ್ಲಿ ನೂರಕ್ಕೆ ನಾಲ್ವರಿಗೆ ಹಾಗಾಯಿತು. ಎಲ್ಲರದೂ ಸರಿಹೋಯಿತು, ಆದರೆ ಅರ್ಧದಷ್ಟು ಜನರಿಗೆ 44 ದಿನ ಅಥವಾ ಅದಕ್ಕಿಂತ ಹೆಚ್ಚು ಹಿಡಿಯಿತು. ಮದುವೆಗೆ ಉಳಿದಿದ್ದದ್ದು 38 ದಿನ! ಧಾರೆಯ ಹೊತ್ತಿಗೆ ಹುಡುಗಿ ನಗಲಾರದೆ ನಿಂತರೆ ಆ ಕೋಷ್ಟಕ ಬರೆದವರು ಬಂದು ಏನು ಹೇಳುತ್ತಾರೆ?

ಬೊಟಾಕ್ಸ್ ಅಷ್ಟು ಭಯದ್ದಲ್ಲ. ಹಲ್ಲು ಕಚ್ಚುವ ಸ್ನಾಯು ದಪ್ಪವಾಗಿ ಮುಖ ಚೌಕವಾಗಿರುವವರಿಗೆ ಅದು ಕೆಲಸ ಮಾಡುತ್ತದೆ. ಆದರೆ ಸ್ನಾಯು ಸೊರಗಿ ಮುಖದ ಆಕಾರ ಬದಲಾಗಲು ಒಂದೆರಡು ತಿಂಗಳು ಬೇಕು. ಅಷ್ಟು ದಿನ ಚಕ್ಕುಲಿ, ಕೋಡುಬಳೆ ಅಗಿದರೆ ದವಡೆ ಸೋಲುತ್ತದೆ. ನಾಲ್ಕಾರು ತಿಂಗಳಲ್ಲಿ ಪರಿಣಾಮ ಇಳಿಯುತ್ತದೆ. ದಾರ ಹಾಕಿಸಿಕೊಂಡವರು ಕೆಲವು ವಾರ ಬಾಯಿ ಅಗಲ ತೆರೆಯಬಾರದು, ಮಗ್ಗುಲಾಗಿ ಮಲಗಬಾರದು. ಅವಳಿಗೆ ಬೇಕಾದದ್ದು ಗದ್ದ ಮುಂದೆ ಬರುವುದು. ಅದನ್ನು ಬೊಟಾಕ್ಸೂ ಮಾಡುವುದಿಲ್ಲ, ದಾರವೂ ಮಾಡುವುದಿಲ್ಲ. ಅಷ್ಟನ್ನಾದರೂ ಹೇಳಬಾರದೇ?

ಇನ್ನು ಆ ‘2 ದಿನ’ದ ಇಂಪ್ಲಾಂಟ್. ಗದ್ದದ ಕೆಳಗಾಗಲಿ, ಕೆಳತುಟಿಯ ಒಳಗಾಗಲಿ ಕುಯ್ದು, ಎಲುಬಿನ ಮೇಲೆ ಜಾಗ ಮಾಡಿ ಸಿಲಿಕೋನ್ ತುಂಡನ್ನು ಕೂರಿಸುತ್ತಾರೆ. ಎರಡು ದಿನಕ್ಕೆ ಮನೆಗೆ ಹೋಗಬಹುದು, ಮುಖ ಮನೆಯವರಿಗೆ ತೋರಿಸುವಂತಾಗಲು ಎರಡು ವಾರ. ತಲೆ ಎತ್ತರಿಸಿ ಮಲಗಬೇಕು, ಬಾಯಿಯೊಳಗೆ ಹೊಲಿಗೆಯಿದ್ದರೆ ಪ್ರತಿ ಊಟದ ನಂತರ ಮುಕ್ಕಳಿಸಬೇಕು, ಗದ್ದಕ್ಕೆ ಪೆಟ್ಟು ತಾಗದಂತೆ ವಾರಗಟ್ಟಲೆ ನೋಡಿಕೊಳ್ಳಬೇಕು. ನಿಜವಾದ ಆಕಾರ ಕಾಣಲು ತಿಂಗಳುಗಳೇ ಬೇಕು. ಸೋಂಕಾದರೆ, ತುಂಡು ಜರುಗಿದರೆ, ಮತ್ತೆ ಕುಯ್ಯಬೇಕು. ವರ್ಷಗಳ ನಂತರ ಅದರ ಅಡಿಯ ಎಲುಬು ಸವೆದದ್ದನ್ನು ನಾನೇ ಎಕ್ಸ್‌ರೇಯಲ್ಲಿ ನೋಡಿದ್ದೇನೆ.

ಇಷ್ಟು ಓದುವಷ್ಟರಲ್ಲಿ ಕೆಲವರು ಕೇಳುತ್ತೀರಿ: ಅವರವರ ಮುಖ, ಅವರವರ ದುಡ್ಡು, ನಿಮಗೇಕೆ? ಮುಖ ಅವರದ್ದೇ, ಅದಕ್ಕಾಗಿಯೇ ಪೂರ್ತಿ ಸತ್ಯ ಅವರಿಗೆ ಸಿಗಬೇಕು. ಗೊತ್ತಿಲ್ಲದೆ ಹಾಕಿದ ಸಹಿಯನ್ನು ಒಪ್ಪಿಗೆ ಎಂದು ನಾನು ಒಪ್ಪುವುದಿಲ್ಲ. ‘ಅದನ್ನೆಲ್ಲ ಡಾಕ್ಟರ್ ಆಮೇಲೆ ಹೇಳುತ್ತಾರೆ’ ಎನ್ನುವವರಿಗೆ ನನ್ನ ಪ್ರಶ್ನೆ ಒಂದೇ. ಮುಂಗಡ ಮೊದಲು ತೆಗೆದುಕೊಂಡು ಸತ್ಯ ಆಮೇಲೆ ಹೇಳುವುದು ಯಾವ ವೃತ್ತಿಧರ್ಮ?

2022ರ ಮೇ ತಿಂಗಳಲ್ಲಿ ಇದೇ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋಗಿ ಜೀವಂತವಾಗಿ ಮನೆಗೆ ಮರಳಲಿಲ್ಲ. ವಾರವಿಡೀ ಟಿವಿಯಲ್ಲಿ ಅದೇ ಸುದ್ದಿ ಇತ್ತು. ಅದೇ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಕೂದಲು ಕಸಿ ಮತ್ತು ಸೌಂದರ್ಯ ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿ, ಕಾರ್ಯಾಗಾರದಲ್ಲೋ ಯೂಟ್ಯೂಬ್‌ನಲ್ಲೋ ನೋಡಿ ಕಲಿತದ್ದು ತರಬೇತಿಯಲ್ಲ ಎಂದು ಹೇಳಿತು. ಹಾಗೆ ಲಿಖಿತದಲ್ಲಿ ಹೇಳಬೇಕಾದ ಸ್ಥಿತಿ ಬಂದಿತ್ತೆಂದರೆ ಯೋಚಿಸಿ. ಕರ್ನಾಟಕದಲ್ಲಿ ಯಾವುದೇ ಖಾಸಗಿ ಕ್ಲಿನಿಕ್‌ಗೂ ಕೆಪಿಎಂಇ, ಅಂದರೆ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ, ನೋಂದಣಿ ಬೇಕು. ಆ ಪ್ರಮಾಣಪತ್ರ ಗೋಡೆಯ ಮೇಲೆ ಇದೆಯೇ, ಸೂಜಿ ಹಿಡಿಯುವವರ ಪದವಿ ಯಾವುದು, ಎರಡನ್ನೂ ನೋಡಿಯೇ ಕುರ್ಚಿಯ ಮೇಲೆ ಕುಳಿತುಕೊಳ್ಳಿ.

ಈಗ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಹೇಳದ ಒಂದು ಮಾತು.

ನನ್ನ ಗದ್ದದೊಳಗೆ ಟೈಟಾನಿಯಂ ಪಟ್ಟಿ ಮತ್ತು ಸ್ಕ್ರೂಗಳಿವೆ. 2003ರಲ್ಲಿ, 27ನೆಯ ವಯಸ್ಸಿನಲ್ಲಿ, ನಾನು ಕೆಲಸ ಮಾಡುತ್ತಿದ್ದ ಕಡೆಯೇ ಜೀನಿಯೋಪ್ಲಾಸ್ಟಿ ಮಾಡಿಸಿಕೊಂಡೆ. ಗದ್ದದ ಎಲುಬನ್ನು ಅಡ್ಡಲಾಗಿ ಕೊಯ್ದು, ಮುಂದಕ್ಕೆ ಸರಿಸಿ, ಪಟ್ಟಿ ಹಾಕಿ ಬಿಗಿಯುವ ಶಸ್ತ್ರಚಿಕಿತ್ಸೆ. ಅದಕ್ಕೆ ನಾಲ್ಕು ವರ್ಷ ಮೊದಲು ನನ್ನನ್ನು ನೋಡಲು ಬಂದ ಗಂಡಿನ ಕಡೆಯ ಹೆಂಗಸೊಬ್ಬರು ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ “ಹುಡುಗಿಗೆ ಗದ್ದವೇ ಇಲ್ಲವಲ್ಲ” ಎಂದಿದ್ದರು. ಆ ಮಾತು ನನ್ನೊಳಗೆ ಕೂತುಬಿಟ್ಟಿತ್ತು. ಆಪರೇಷನ್ ಆದಾಗ ಅಮ್ಮ ನೆಂಟರಿಗೆಲ್ಲ ‘ಹಲ್ಲಿನ ತೊಂದರೆ’ ಎಂದು ಹೇಳಿದರು. ನಾನೂ ಹಾಗೆಯೇ ಹೇಳಿಕೊಂಡು ಬಂದೆ.

ಮೂರನೆಯ ದಿನ ಕನ್ನಡಿ ಕೇಳಿದೆ. ನೂರಾರು ಜನರಿಗೆ ಆ ಕನ್ನಡಿ ಹಿಡಿದವಳು ನಾನು, ಆದರೂ ಅತ್ತೆ. ಎರಡು ವಾರ ಗಂಜಿ, ಹೆಸರುಬೇಳೆಯ ಕಟ್ಟು, ಮಜ್ಜಿಗೆ. ಎಲುಬು ಕೂಡಲು ಆರೇಳು ವಾರ. ಕೊನೆಯ ಊತ ಹೋಗಲು ಆರು ತಿಂಗಳಾದವು. ಗದ್ದಕ್ಕೂ ಕೆಳತುಟಿಗೂ ಸ್ಪರ್ಶ ಕೊಡುವ ನರ ಎರಡೂ ಕಡೆ ಎಲುಬಿನ ಸಣ್ಣ ರಂಧ್ರದಿಂದ ಹೊರಬರುತ್ತದೆ. ಈ ಆಪರೇಷನ್‌ನಲ್ಲಿ ಅದು ಎಳೆದಾಡಿಸಿಕೊಳ್ಳುತ್ತದೆ. ಬಹುತೇಕರಿಗೆ ಮರಗಟ್ಟಿದ್ದು ತಿಂಗಳುಗಳಲ್ಲಿ ಬಿಡುತ್ತದೆ. ನನಗೆ ಬಲಗಡೆಯದು ನಾಲ್ಕು ತಿಂಗಳಲ್ಲಿ ಬಿಟ್ಟಿತು. ಎಡಗಡೆ ತುಟಿಯ ಕೆಳಗೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಇವತ್ತಿಗೂ ನನ್ನದಲ್ಲ.

ಪಂಕ್ತಿಯಲ್ಲಿ ಊಟಕ್ಕೆ ಕುಳಿತಾಗ ನಮ್ಮ ಯಜಮಾನರು ನನ್ನ ಎದುರು ಸಾಲಿನಲ್ಲೇ ಕುಳಿತುಕೊಳ್ಳುವುದನ್ನು ನೀವು ಗಮನಿಸಿರಬಹುದು. ಸಾರು ನನ್ನ ತುಟಿಯಿಂದ ಇಳಿದರೆ ನನಗೆ ತಿಳಿಯುವುದಿಲ್ಲ. ಅವರು ನನ್ನನ್ನು ನೋಡಿ ತಮ್ಮ ತುಟಿಯ ಎಡಮೂಲೆಯನ್ನು ಬೆರಳಿನಿಂದ ಮುಟ್ಟಿಕೊಳ್ಳುತ್ತಾರೆ. ನಾನು ಒರೆಸಿಕೊಳ್ಳುತ್ತೇನೆ.

ಮಾಡಿಸಿಕೊಂಡದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ನಮ್ಮ ಸರ್ ಆಪರೇಷನ್‌ಗೆ ಮೊದಲು ಮೂರು ಸಲ ಕೂರಿಸಿಕೊಂಡು, ತುಟಿ ಶಾಶ್ವತವಾಗಿ ಮರಗಟ್ಟಬಹುದು ಎಂದು ಪೆನ್ಸಿಲ್‌ನಲ್ಲಿ ಚಿತ್ರ ಬರೆದು ತೋರಿಸಿದ್ದರು. ನೋಡಿ, ಕೇಳಿ, ತಿಳಿದು ಒಪ್ಪಿದೆ. ಆದರೆ ಆಮೇಲೆ ಅದನ್ನು ಮುಚ್ಚಿಟ್ಟೆನಲ್ಲ, ಅದು ಈಗ ಚುಚ್ಚುತ್ತಿದೆ. ನನ್ನಂಥವರು ಬಾಯಿಬಿಡದೆ ಇದ್ದುದರಿಂದಲೇ ಆ ಕಾಲಂನಲ್ಲಿ ‘ಇಲ್ಲ’ ಎಂದು ಬರೆಯುವ ಧೈರ್ಯ ಅವರಿಗೆ ಬಂತು.

ದವಡೆಯ ಶಸ್ತ್ರಚಿಕಿತ್ಸೆಯೇ ಬದುಕಾದವರನ್ನೂ ನಾನು ಕಂಡಿದ್ದೇನೆ. ಚಿಕ್ಕಂದಿನಲ್ಲಿ ಗದ್ದ ಊರಿ ಬಿದ್ದು, ಯಾರೂ ಗಮನಿಸದೆ, ಕಿವಿಯ ಮುಂದಿನ ಕೀಲು ಎಲುಬಾಗಿ ಕೂಡಿಕೊಂಡ ಮಕ್ಕಳು. ಬಾಯಿ ಒಂದು ಬೆರಳಿನಷ್ಟೂ ತೆರೆಯುವುದಿಲ್ಲ, ಕೆಳದವಡೆ ಬೆಳೆಯುವುದಿಲ್ಲ, ಮಲಗಿದರೆ ಉಸಿರು ಕಟ್ಟುತ್ತದೆ. ಚಾಮರಾಜನಗರದ ಕಡೆಯ ಹುಡುಗನೊಬ್ಬನಿಗೆ ಕೀಲು ಬಿಡಿಸಿದ ಮೇಲೆ ಹಲ್ಲುಗಳ ನಡುವೆ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು ಬಾಯಿ ತೆರೆಸುತ್ತಿದ್ದೆವು. ವಾರಕ್ಕೆ ಒಂದು ಕಡ್ಡಿ ಹೆಚ್ಚಾದರೆ ಹಬ್ಬ. ಅವನ ತಾಯಿ ದಿನಕ್ಕೆ ಐದಾರು ಸಲ ಮಾಡಿಸುತ್ತಿದ್ದರು, ಮಗ ಅಳುತ್ತಿದ್ದ, ಆಕೆಯೂ ಅಳುತ್ತಿದ್ದರು, ಕಡ್ಡಿ ಮಾತ್ರ ತೆಗೆಯುತ್ತಿರಲಿಲ್ಲ. ನನಗೆ ತಿಳಿದ ಚೇತರಿಕೆ ಅದು.

ಹುಡುಗಿಯ ಗದ್ದಕ್ಕೆ ನಿಜಕ್ಕೂ ಏನಾಗಿದೆ ಎಂದು ಕೇಳಿದೆ. ಸೆಲ್ಫಿ ತೋರಿಸಿದಳು. 2022ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳು ಅಳೆದು ನೋಡಿದ್ದಾರೆ: 12 ಇಂಚು ದೂರದಿಂದ ತೆಗೆದ ಸೆಲ್ಫಿಯಲ್ಲಿ ಗದ್ದ ಶೇಕಡ 12ರಷ್ಟು ಮೋಟಾಗಿ, ಮೂಗು ಶೇಕಡ 6ರಷ್ಟು ಉದ್ದವಾಗಿ ಕಾಣುತ್ತದೆ. ಅವಳನ್ನು ಅಂಗಳಕ್ಕೆ ಕರೆದೊಯ್ದು, ಮಲ್ಲಿಗೆ ಬಳ್ಳಿಯ ಹತ್ತಿರ ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿ, ಆರು ಹೆಜ್ಜೆ ಹಿಂದೆ ನಿಂತು ಫೋಟೊ ತೆಗೆದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದಳು. ಗದ್ದ ಸ್ವಲ್ಪ ಹಿಂದಿರುವುದು ಹೌದು, ನಮ್ಮ ಮನೆತನದ್ದು, ನನ್ನದೂ ಹಾಗೆಯೇ ಇತ್ತು. ಅದನ್ನೂ ಹೇಳಿದೆ, ಟೈಟಾನಿಯಂ ಪಟ್ಟಿಯ ವಿಷಯವನ್ನೂ ಹೇಳಿದೆ. ಅವಳಮ್ಮನಿಗೇ ಗೊತ್ತಿಲ್ಲದ ಮಾತು ಅದು.

ಅವಳು ಬೆರಳು ಚಾಚಿ ನನ್ನ ತುಟಿಯ ಎಡಭಾಗವನ್ನು ಮುಟ್ಟಿದಳು. “ಈಗ ಗೊತ್ತಾಗುತ್ತಿದೆಯೇ ಚಿಕ್ಕಮ್ಮ?”

“ಇಲ್ಲ” ಎಂದೆ.

ನಿನ್ನೆ ರಾತ್ರಿ ಕರೆ ಮಾಡಿದ್ದಳು. ಮದುವೆ ಮುಗಿಸಿಕೊಂಡು ಗಂಡನ ಜೊತೆಗೇ ಬಂದು ನಮ್ಮ ಕಾಲೇಜಿನಲ್ಲಿ ಎಕ್ಸ್‌ರೇ ತೆಗೆಸುತ್ತಾಳಂತೆ, ಆಮೇಲೆ ಯೋಚಿಸುತ್ತಾಳಂತೆ. ಕ್ಲಿನಿಕ್‌ಗೆ ಫೋನ್ ಮಾಡಿ ಹಯಲುರಾನಿಡೇಸ್ ಇಟ್ಟಿದ್ದೀರಾ ಎಂದು ಕೇಳಿದಳಂತೆ. ಕೌಂಟರಿನ ಹುಡುಗಿ ಡಾಕ್ಟರನ್ನು ಕೇಳಿ ಹೇಳುತ್ತೇನೆ ಎಂದವಳು ಮತ್ತೆ ಕರೆ ಮಾಡಿಲ್ಲ. ಮುಂಗಡದ ಐದು ಸಾವಿರವೂ ಇನ್ನೂ ವಾಪಸ್ ಬಂದಿಲ್ಲ.