ಮೂರು ದಿನದ ಹೂವಿಗೆ ಇಷ್ಟೆಲ್ಲಾ ಬೇಕಾ ಅಂತ ಕೇಳೋರಿಗೆ

ನಮ್ಮನೆ ಸ್ಟ್ಯಾನ್‌ಹೋಪಿಯಾ ಹೂವಿನ ಫೋಟೋ ಯಾರಿಗೆ ತೋರಿಸಿದ್ರೂ ಮೊದ್ಲು ಬಾಯಿ ಬಿಟ್ಕೊಂಡು ನೋಡ್ತಾರೆ, ಆಮೇಲೆ ಕೇಳೋ ಪ್ರಶ್ನೆ ಮಾತ್ರ ಒಂದೇ, ಎಷ್ಟು ದಿನ ಇರುತ್ತೆ ಇದು? ಮೂರು ದಿನ ಅಂತೀನಿ. ಅಲ್ಲಿಗೆ ಆಸಕ್ತಿ ಠುಸ್. ಒಬ್ರಂತೂ "ಅಯ್ಯೋ, ಮೂರು ದಿನಕ್ಕೋಸ್ಕರ ವರ್ಷವಿಡೀ ಇದರ ಚಾಕರಿ ಮಾಡ್ತೀರಾ" ಅಂತ ನನ್ನನ್ನ ಹುಚ್ಚನ ಥರ ನೋಡಿದ್ರು. ಅದಕ್ಕೇ ಇಷ್ಟುದ್ದ ಬರೀತಿದೀನಿ, ಟೈಮ್ ಇದ್ರೆ ಓದಿ.

ಗೊತ್ತಿಲ್ಲದೋರಿಗೆ ಹೇಳ್ಬೇಕು ಅಂದ್ರೆ ಇದು ಮೆಕ್ಸಿಕೋದಿಂದ ಹಿಡಿದು ದಕ್ಷಿಣ ಅಮೆರಿಕದವರೆಗಿನ ಕಾಡಲ್ಲಿ ಮರದ ಮೇಲೆ ಬೆಳೆಯೋ ಆರ್ಕಿಡ್, 50ಕ್ಕೂ ಹೆಚ್ಚು ಜಾತಿ ಇದೆ. ಹೆಸರು ಬಂದಿದ್ದು 1829ರಲ್ಲಿ, ಲಂಡನ್ನಿನ ಮೆಡಿಕೋ-ಬೊಟಾನಿಕಲ್ ಸೊಸೈಟಿ ಅಧ್ಯಕ್ಷರಾಗಿದ್ದ ಅರ್ಲ್ ಸ್ಟ್ಯಾನ್‌ಹೋಪ್ ಅನ್ನೋರ ಗೌರವಕ್ಕೆ. ಹೂ ಇಲ್ಲದಾಗ ನೋಡಿದ್ರೆ ಏನೂ ವಿಶೇಷ ಅನ್ಸಲ್ಲ, ಒಂದೊಂದು ಗಡ್ಡೆಗೆ ಒಂದೊಂದೇ ಅಗಲವಾದ ಎಲೆ, ಉದ್ದಕ್ಕೆ ನೆರಿಗೆ ಹಿಡಿದ ಹಾಗೆ. ಮಜಾ ಇರೋದು ಹೂವಲ್ಲಿ. ಬೇರೆ ಗಿಡದ ಹೂ ಮೇಲಕ್ಕೆ ಬರುತ್ತೆ, ಇಲ್ಲಾ ಪಕ್ಕಕ್ಕೆ ಬಾಗುತ್ತೆ. ಇದು ಬುಡದಿಂದ ಸೀದಾ ಕೆಳಕ್ಕೆ, ಬೇರು ಇಳಿಯೋ ದಿಕ್ಕಲ್ಲೇ ಮಣ್ಣು ಗಿಣ್ಣು ಏನಿದ್ರೂ ತೂರ್ಕೊಂಡು ಹೋಗಿ ತಲೆಕೆಳಗಾಗಿ ನೇತಾಡುತ್ತೆ.

ನನಗೆ ಇದು ಗೊತ್ತಿರ್ಲಿಲ್ಲ. ಗಿಡ ಅಂದ್ಮೇಲೆ ಪಾಟ್ ತಾನೇ, ಚೆಂದದ ಮಣ್ಣಿನ ಪಾಟ್ ತಂದೆ, ಇದ್ದಿಲು ತೊಗಟೆ ತುಂಬಿಸಿದೆ, ಕೆಳಗೊಂದು ತಟ್ಟೆ ಬೇರೆ. ಎರಡು ವರ್ಷ ಎಲೆ ಅಂದ್ರೆ ಎಲೆ, ಏನ್ ಹಸಿರು ಅಂತೀರಾ, ಹೂವಿನ ಸುಳಿವೇ ಇಲ್ಲ. ಬಿಸಿಲು ಕಮ್ಮಿ ಆಯ್ತೇನೋ ಅಂತ ಜಾಗ ಬದಲಾಯಿಸಿದೆ, ಗೊಬ್ಬರ ಜಾಸ್ತಿ ಹಾಕಿ ಎಲೆ ತುದಿ ಸುಟ್ಕೊಂಡೆ, ಒಂದಿನ ಸಿಟ್ಟಲ್ಲಿ ಪಾಟ್ ಬದಲಾಯಿಸೋಣ ಅಂತ ಬೋರಲು ಹಾಕಿ ಎಳೆದ್ರೆ ಒಳಗೆ ಕಪ್ಪಗೆ ಕೊಳೆತ ಹೂದಂಡು, ಅದರ ತುದೀಲಿ ಹೆಬ್ಬೆರಳು ಗಾತ್ರದ ಮೊಗ್ಗುಗಳು. ಪಾಪ, ಗಿಡ ತನ್ನ ಪಾಡಿಗೆ ಹೂ ಬಿಡೋಕೆ ನೋಡಿದೆ, ನಾನು ಕೆಳಗಿನಿಂದ ಬಾಗಿಲು ಹಾಕಿ ಕೂಡಿಹಾಕಿದ್ದೆ. ಯುರೋಪಿನಲ್ಲಿ ಮೊದಮೊದಲು ಬೆಳೆಸಿದವರಿಗೂ ಇದೇ ಗತಿ ಆಗಿತ್ತಂತೆ, ಯಾವ್ದೋ ಪಾಟ್ ಬಿದ್ದು ಒಡೆದಾಗ್ಲೇ ಹೂವು ಕಂಡಿದ್ದು ಅಂತ ಒಂದು ಕಥೆ ಆರ್ಕಿಡ್ ಬೆಳೆಯೋರ ಬಾಯಲ್ಲಿದೆ. ಆ ಕಥೆ ಕೇಳಿದ್ಮೇಲೆ ಸ್ವಲ್ಪ ಸಮಾಧಾನ ಆಯ್ತು.

ಈಗ ಬುಟ್ಟೀಲಿದೆ. ಮರದ ಪಟ್ಟಿ ಇಲ್ಲಾ ತಂತಿ ಬುಟ್ಟಿ, ಅಗಲವಾಗಿ ಸಂದಿ ಇರ್ಬೇಕು, ಒಳಗೆ ಸ್ಫ್ಯಾಗ್ನಮ್ ಮಾಸ್ (ನೀರು ಹಿಡಿದಿಡೋ ಒಂಥರ ಪಾಚಿ) ಅಥವಾ ತೆಂಗಿನ ನಾರು ತೆಳ್ಳಗೆ ಹಾಸಿ, ಅದರ ಮೇಲೆ ತೊಗಟೆ ಚೂರು. ಗಟ್ಟಿ ಪ್ಲಾಸ್ಟಿಕ್ ಶೀಟ್ ದಯವಿಟ್ಟು ಹಾಕ್ಬೇಡಿ, ಹೂದಂಡು ತೂರೋಕಾಗದೆ ಒಳಗೇ ಸುತ್ಕೊಂಡು ಸಾಯುತ್ತೆ. ನೆತ್ತಿ ಬಿಸಿಲು ಆಗಲ್ಲ, ಬೆಳಗಿನ ಎಳೆ ಬಿಸಿಲು ಇಲ್ಲಾ ನೆರಳುಬಲೆ ಕೆಳಗಿನ ಬೆಳಕು ಸಾಕು. ಎಲೆ ತೆಳ್ಳಗಿರೋದ್ರಿಂದ ಬಾಯಾರಿಕೆ ಜಾಸ್ತಿ, ಹೊಸ ಗಡ್ಡೆ ಬೆಳೀತಿರೋವಾಗ ಪೂರ್ತಿ ಒಣಗೋಕೆ ಬಿಡಬಾರ್ದು, ಹಾಗಂತ ಗಾಳಿ ಆಡದ ಮೂಲೇಲಿ ಸದಾ ಒದ್ದೆ ಇಟ್ರೆ ಬೇರು ಕೊಳೆಯುತ್ತೆ. ಬೇರು ನೋಡಿ ನೀರು ಹಾಕೋದು ಒಳ್ಳೇದು. ಹೊರಗೆ ಇಣುಕೋ ಬೇರು ಒಣಗಿದಾಗ ಬೆಳ್ಳಗಿರುತ್ತೆ, ನೀರು ಬಿದ್ದ ತಕ್ಷಣ ಹಸಿರಾಗುತ್ತೆ, ಇದಕ್ಕಿಂತ ಒಳ್ಳೆ ಮೀಟರ್ ಬೇಕಾ? ಗೊಬ್ಬರ ಪ್ಯಾಕೆಟ್ ಮೇಲೆ ಬರೆದಿರೋದರಲ್ಲಿ ಕಾಲು ಭಾಗ ಹಾಕಿ, ಅದೂ ಬರೀ ನೀರು ಹಾಕಿದ ಮೇಲೆ. ಎಲೆ ಹಿಂದೆ ಆಗಾಗ ತಿರುಗಿಸಿ ನೋಡ್ತಿರಿ, ಕೆಂಪು ನುಸಿಗೆ ಈ ಎಲೆ ಅಂದ್ರೆ ಪ್ರಾಣ.

ಹೂದಂಡು ಬಂದಾಗ ಮೊದಲ ಸಲ ಬೇರು ಅಂದ್ಕೊಂಡಿದ್ದೆ. ವ್ಯತ್ಯಾಸ ಏನಂದ್ರೆ ಹೂದಂಡಿನ ಮೇಲೆ ಒಣ ಕಾಗದದ ಥರ ಪದರ ಪದರವಾಗಿ ಮುಚ್ಕೊಂಡಿರುತ್ತೆ. ಆಗ ಮೊಗ್ಗಿನ ಮೇಲೆ ನೀರು ನಿಲ್ಲದ ಹಾಗೆ ನೋಡ್ಕೊಂಡ್ರೆ ಸಾಕು, ಮಿಕ್ಕಿದ್ದು ಅದೇ ನೋಡ್ಕೊಳುತ್ತೆ.

ಮತ್ತೆ ಅರಳಿದ ದಿನ. ಬೆಳಿಗ್ಗೆ ಇನ್ನೂ ಪೂರ್ತಿ ಬೆಳಕಾಗಿರ್ಲಿಲ್ಲ, ಅಮ್ಮ ಬಂದು ಎಬ್ಬಿಸಿ "ಸೆಂಟ್ ಬಾಟ್ಲಿ ಏನಾದ್ರೂ ಒಡೆದು ಹಾಕಿದ್ಯೇನೋ, ಮನೆಯೆಲ್ಲಾ ಘಮ್ ಅಂತಿದೆ" ಅಂದ್ಲು. ಹೋಗಿ ನೋಡಿದ್ರೆ ಬುಟ್ಟಿ ಕೆಳಗೆ ಎರಡು ಹೂವು, ಮೇಣದಲ್ಲಿ ಎರಕ ಹೊಯ್ದ ಹಾಗೆ, ಮೈಮೇಲೆಲ್ಲಾ ಕೆಂಪು ಚುಕ್ಕೆ, ಮುಂದೆ ಎರಡು ಕೊಂಬು. ವಾಸನೆ ಮಾತ್ರ ವೆನಿಲ್ಲಾ ಅನ್ನೋದಾ, ಚಕ್ಕೆ ಅನ್ನೋದಾ, ಮಧ್ಯದಲ್ಲೆಲ್ಲೋ ನೀಲಗಿರಿ ಎಣ್ಣೆ ಥರ ಮೂಗಿಗೆ ಹೊಡೆಯುತ್ತೆ. ಅಮ್ಮ ಕತ್ತೆತ್ತಿ ನೋಡಿ "ಇದೇನೋ ಹೂವಾ ಹುಳುವಾ" ಅಂದ್ಲು, ನ್ಯಾಯವಾದ ಪ್ರಶ್ನೇನೇ.

ಈಗ ಮೂರು ದಿನದ ವಿಷ್ಯಕ್ಕೆ ಬರ್ತೀನಿ. ಈ ಹೂವಲ್ಲಿ ಒಂದು ಹನಿ ಮಕರಂದ ಇಲ್ಲ. ಬರೋ ಜೇನಿಗೆ ಅದು ಕೊಡೋ ಕೂಲಿ ವಾಸನೇನೇ. ಅಮೆರಿಕ ಖಂಡಗಳ ಉಷ್ಣವಲಯದಲ್ಲಿ ಹೆಚ್ಚಾಗಿ ಇರೋ ಯೂಗ್ಲಾಸಿನ್ ಅನ್ನೋ ಹೊಳೆಯೋ ಜೇನ್ನೊಣಗಳ ಗಂಡುಗಳು ಬಂದು ಮುಂಗಾಲಿನ ಕೂದಲಿಂದ ಆ ಪರಿಮಳದ ಎಣ್ಣೆ ಕೆರೆದು ಹಿಂಗಾಲಿನ ಚೀಲದಂಥ ಜಾಗಕ್ಕೆ ತುಂಬ್ಕೊಳ್ತವೆ, ಹೆಣ್ಣಿನ ಮುಂದೆ ತೋರಿಸ್ಕೊಳೋಕೆ. ಕೆರೀತಾ ಕೆರೀತಾ ಮೇಣದಂಥ ಮೈಮೇಲೆ ಕಾಲು ಜಾರಿ ಕೊಂಬಿನ ಮಧ್ಯದಿಂದ ಕೆಳಗೆ ಬೀಳುತ್ತೆ, ಬೀಳೋವಾಗ ಪರಾಗದ ಗಂಟು ಬೆನ್ನಿಗೆ ಅಂಟ್ಕೊಳುತ್ತೆ. ಜಾರುಬಂಡೆ ಕಣ್ರೀ! ಹೂವು ತಲೆಕೆಳಗಾಗಿ ನೇತಾಡೋದಕ್ಕೂ ಆ ಕೊಂಬಿಗೂ ಆ ನುಣುಪಿಗೂ ಒಂದೊಂದಕ್ಕೂ ಅಲ್ಲಿ ಕೆಲ್ಸ ಇದೆ. ಒಂದೇ ಸಲಕ್ಕೆ ಜೋರಾಗಿ ವಾಸನೆ ಬಿಟ್ಟು ಜೇನನ್ನ ಕರೆದು ಕೆಲ್ಸ ಮುಗಿಸಿ ಬಾಡೋ ಹೂವನ್ನ ತಂದು ಹಾಲ್‌ನಲ್ಲಿಡೋ ಶೋಪೀಸಿನ ಲೆಕ್ಕದಲ್ಲಿ ತೂಗಿದ್ರೆ ಹೇಗೆ? ನಿಮಗೆ ತಿಂಗಳುಗಟ್ಲೆ ಹೂ ನಿಲ್ಬೇಕು ಅಂದ್ರೆ ಫೆಲನಾಪ್ಸಿಸ್ ಅನ್ನೋ ಆರ್ಕಿಡ್ ತಗೊಳಿ, ಒಳ್ಳೆ ಗಿಡ, ಎರಡು ಮೂರು ತಿಂಗಳು ಅಲ್ಲಾಡಲ್ಲ, ನನ್ನ ಹತ್ರಾನೂ ಇದೆ. ನಿಜ ಹೇಳ್ಬೇಕಂದ್ರೆ ಎರಡನೇ ವಾರದಿಂದ ನಾನು ಅದರ ಕಡೆ ನೋಡೋದೇ ಇಲ್ಲ, ಗೋಡೆ ಕ್ಯಾಲೆಂಡರ್ ಥರ ಆಗ್ಬಿಡುತ್ತೆ. ಸ್ಟ್ಯಾನ್‌ಹೋಪಿಯಾ ಅರಳಿದ ಮೂರು ದಿನ ಮಾತ್ರ ದಿನಕ್ಕೆ ಹತ್ತು ಸಲ ಹೋಗಿ ನೋಡ್ತೀನಿ, ಎರಡನೇ ದಿನ ಸಂಜೆ ವಾಸನೆ ಎಷ್ಟು ಇಳಿದಿದೆ ಅಂತಾನೂ ಗೊತ್ತಿರುತ್ತೆ.

ಒಂದು ವಿಷ್ಯ, ಗಿಡ ತಗೊಳೋವಾಗ ಕಾಡಿಂದ ಕಿತ್ತಿದ್ದಾ ನರ್ಸರೀಲಿ ಬೆಳೆಸಿದ್ದಾ ಕೇಳಿ. ಆರ್ಕಿಡ್ ಕುಟುಂಬ ಪೂರ್ತಿ ಸೈಟಿಸ್ ಅನ್ನೋ, ಕಾಡಿನ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಲಗಾಮು ಹಾಕೋ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟೀಲಿದೆ, ದೇಶದಿಂದ ದೇಶಕ್ಕೆ ಕಾಗದಪತ್ರ ಇಲ್ಲದೆ ತರೋ ಹಾಗಿಲ್ಲ. ಒಂದು ಗಡ್ಡೆ ಮಾತ್ರ ಬಿಡಿಯಾಗಿ ಕೊಟ್ರೆ ಬೇಡ, ಮೂರ್ನಾಲ್ಕು ಗಡ್ಡೆ ಒಟ್ಟಿಗಿದ್ರೆ ಬೇಗ ಚೇತರಿಸ್ಕೊಳುತ್ತೆ.

ಈ ಸಲ ಬುಟ್ಟಿ ಕೆಳಗೆ ಮೂರು ಹೂದಂಡು ಕಾಣ್ತಿದೆ. ಅಮ್ಮ ಈಗಾಗ್ಲೇ ಕೆಳಗೊಂದು ಕುರ್ಚಿ ಹಾಕ್ಕೊಂಡಿದಾಳೆ, ಕತ್ತು ನೋವು ಬಂದ್ರೆ ನೀನೇ ಮುಲಾಮು ಹಚ್ಬೇಕು ನೋಡು ಅಂದಿದಾಳೆ.