ಕೋಲಾ ಪೆಪ್ಪರ್‌ಮೆಂಟು ಕೇಳಿದವರನ್ನು ನೋಡಿ ನಗಬೇಡಿ

ಹಾಸನದ ಕಟ್ಟಿನಕೆರೆ ಮಾರ್ಕೆಟ್ ಹತ್ತಿರದ ಅಂಗಡಿಯಲ್ಲಿ ಈಗಷ್ಟೇ ನೋಡಿದ್ದು. ನಲವತ್ತು ದಾಟಿದ ಒಬ್ಬರು ರೋಲ್-ಎ-ಕೋಲಾ ಇದೆಯಾ ಅಂತ ಕೇಳಿದರು. ಅಂಗಡಿ ಹುಡುಗ ನಕ್ಕುಬಿಟ್ಟ. "ಈ ವಯಸ್ಸಲ್ಲಿ ಪೆಪ್ಪರ್‌ಮೆಂಟಾ ಸಾರ್?" ಅವರು ಮಾತಾಡದೆ ಹೊರಟುಹೋದರು. ನನಗೆ ಮೈಯೆಲ್ಲಾ ಉರಿಯಿತು.

ನಗುವಂಥದ್ದು ಏನಿದೆ ಅದರಲ್ಲಿ? ಹಾಸನಾಂಬೆ ಜಾತ್ರೆಗೆ ಹೋದರೆ ಮನೆಯ ಅಷ್ಟೂ ಮಕ್ಕಳಿಗೆ ಒಂದೊಂದು ಬಾಟಲಿ ಕೂಲ್ ಡ್ರಿಂಕ್ಸ್ ಕೊಡಿಸುವ ಶಕ್ತಿ ನಮ್ಮಪ್ಪನಿಗೆ ಇರಲಿಲ್ಲ. ಒಂದು ರೋಲ್ ಕೊಡಿಸುತ್ತಿದ್ದರು. ಕಂದು ಬಣ್ಣದ ದುಂಡನೆ ಬಿಲ್ಲೆಗಳು. ಎಲ್ಲರಿಗೂ ಹಂಚಬಹುದಿತ್ತು. ಕಡಿಯುವ ಹಾಗಿಲ್ಲ, ಕೆನ್ನೆಯಲ್ಲಿ ಇಟ್ಟುಕೊಂಡು ಚೀಪಬೇಕು. ಕೋಲಾ ರುಚಿ ಅಂದರೆ ನಮಗೆ ಅದೇ.

2006ರಲ್ಲಿ ಪಾರ್ಲೆ ಕಂಪನಿ ಅದನ್ನು ನಿಲ್ಲಿಸಿತು. ನಮಗೆ ಹೇಳುವವರು ಯಾರೂ ಇರಲಿಲ್ಲ. ಕೇಳಿದಾಗೆಲ್ಲ ಅಂಗಡಿಯವರದು ಒಂದೇ ಮಾತು, "ಬರ್ತಾ ಇಲ್ಲ."

ಆಮೇಲೆ 2019ರಲ್ಲಿ ಒಬ್ಬರು ಟ್ವಿಟರ್‌ನಲ್ಲಿ ಅದನ್ನು ವಾಪಸ್ ತನ್ನಿ ಅಂತ ಬರೆದರು. ಹತ್ತು ಸಾವಿರ ರೀಟ್ವೀಟ್ ಆಗಲಿ, ನೋಡೋಣ ಅಂದಿತು ಕಂಪನಿ. ಆಯಿತು. ಅದೇ ವರ್ಷ ಮತ್ತೆ ಬಂತು. ಆ ಸುದ್ದಿ ಓದಿ ನಾನು ಕುಣಿದಾಡಿದ್ದು ನಿಜ. ಆದರೂ ಒಂದು ಮಾತು ಇವತ್ತಿಗೂ ಚುಚ್ಚುತ್ತದೆ. ಹದಿಮೂರು ವರ್ಷ ಅಂಗಡಿ ಅಂಗಡಿಯಲ್ಲಿ ಜನ ಕೇಳಿದರಲ್ಲ, ಅದನ್ನು ಯಾರು ಲೆಕ್ಕ ಇಟ್ಟರು? ನಮ್ಮ ಸಂತೆಪೇಟೆಯ ಅಜ್ಜಿ, ಆಲೂರಿನ ಬಸ್ಸಿಗೆ ಕಾಯುವ ಹುಡುಗ ರೀಟ್ವೀಟ್ ಮಾಡುವುದಿಲ್ಲ. ಅಂಗಡಿ ಮುಂದೆ ನಿಂತು ಬಾಯಿಬಿಟ್ಟು ಕೇಳುತ್ತಾರೆ ಅಷ್ಟೇ. ಅದು ಬೇಡಿಕೆ ಅಲ್ವಾ?

ಮಾರಾಟ ಆಗದ್ದನ್ನು ಎಷ್ಟು ದಿನ ಮಾಡಬೇಕು ಅಂತ ಕೆಲವರು ಕೇಳುತ್ತಾರೆ. ಒಪ್ಪಿದೆ, ಫ್ಯಾಕ್ಟರಿ ನಡೆಯಬೇಕು. ಆದರೆ ಬೇಕು ಅನ್ನುವವರೇ ಇಲ್ಲದಿದ್ದರೆ ಅಷ್ಟು ವರ್ಷ ಆದಮೇಲೆ ಹತ್ತು ಸಾವಿರ ಎಲ್ಲಿಂದ ಬಂತು? ಜನ ಇದ್ದರು. ಅವರ ಮಾತು ಮೇಲಿನವರೆಗೆ ಹೋಗಲಿಲ್ಲ.

ಅಂಗಡಿಯವರಲ್ಲಿ ನನ್ನದೊಂದು ಕೇಳಿಕೆ. ಯಾರಾದರೂ ಹಳೇ ಪೆಪ್ಪರ್‌ಮೆಂಟು ಕೇಳಿದರೆ ನಗಬೇಡಿ. ಒಂದು ಚೀಟಿಯಲ್ಲಿ ಬರೆದು, ಮಾಲು ಹಾಕಲು ಬರುವ ಹುಡುಗನ ಕೈಗೆ ಕೊಡಿ. ಅದೇ ಪಾರ್ಲೆಯವರ, ನಮ್ಮ ಏಲಕ್ಕಿ ಘಮದ ಕಿಸ್ಮಿ ಟಾಫಿ 1963ರಿಂದ ಇದೆ. ಅದನ್ನೂ ಒಂದು ದಿನ ಸುಮ್ನೆ ನಿಲ್ಲಿಸಿಬಿಟ್ಟರೆ? ಕಂಪನಿಯವರೇ, ನಿಲ್ಲಿಸುವ ಮೊದಲು ನಮ್ಮೂರಿನ ಪೆಟ್ಟಿಗೆ ಅಂಗಡಿಗಳಲ್ಲಿ ಒಂದು ಮಾತು ಕೇಳಿ ಅಂತ ಈಗಲೇ ಬರೆದಿಡುತ್ತಿದ್ದೇನೆ.