ಟೇಲರ್ ಮಂಜಿಲ್ ಯಾರ ಮನೆ?

ಹೋದ ಭಾನುವಾರ ಅಕ್ಕನ ಮಗಳನ್ನು ಕರೆದುಕೊಂಡು ಸುರಪುರಕ್ಕೆ ಹೋಗಿದ್ದೆ. ಗುಡ್ಡದ ಮೇಲಿನ ಬಂಗಲೆ ತೋರಿಸಿ ಅದು ಟೇಲರ್ ಮಂಜಿಲ್ ಅಂದೆ. ಅವಳು ಕೇಳಿದ್ದು ನೋಡಿ: "ಮಾಮಾ, ಅಂಗಿ ಹೊಲಿಯೋ ಟೇಲರ್ ಅಷ್ಟು ದೊಡ್ಡ ಮನಿ ಕಟ್ಟಿಸಿದ್ನಾ?"

ಜೋರಾಗಿ ನಕ್ಕೆ. ಆಮೇಲೆ ನಾಚಿಕೆ ಆಯ್ತು. ಏಳನೇ ಕ್ಲಾಸಿನ ಹುಡುಗಿ, ಇದೇ ಯಾದಗಿರಿ ಜಿಲ್ಲೆಯವಳು. ಅವಳಿಗೆ ಯಾರೂ ಹೇಳಿಲ್ಲ. ನಾನೂ ಹೇಳಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಾ ಹೇಳಿದೆ. ಆ ಬಂಗಲೆ ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ ಅನ್ನೋ ಇಂಗ್ಲಿಷ್ ಅಧಿಕಾರಿ 1841ರಲ್ಲಿ ಇಲ್ಲಿಗೆ ಬಂದಾಗ ಸುರಪುರದ ರಾಜಾ ವೆಂಕಟಪ್ಪ ನಾಯಕ ಇನ್ನೂ ಸಣ್ಣ ಹುಡುಗ, ಟೇಲರ್‌ನನ್ನು "ಅಪ್ಪಾ" ಅಂತ ಕರೆಯುತ್ತಿದ್ದ. 1853ರಲ್ಲಿ ಟೇಲರ್ ಊರು ಬಿಟ್ಟ. 1858ರಲ್ಲಿ ಅದೇ ಹುಡುಗ ಇಂಗ್ಲಿಷರ ಮೇಲೆ ತಿರುಗಿ ಬಿದ್ದ, ಸೋತ, ಸಿಕಂದರಾಬಾದಿನಲ್ಲಿ ಸೆರೆಯಾದ. ಟೇಲರ್ ಅಲ್ಲಿ ಹೋಗಿ ಅವನನ್ನು ಕಂಡ. ಕಳ್ಳನ ಹಾಗೆ ನೇಣಿಗೆ ಹಾಕೋದು ಬೇಡ, ಬೇಕಾದರೆ ತೋಪಿನ ಬಾಯಿಗೆ ಕಟ್ಟಲಿ ಅಂತ ರಾಜ ಅಂದನಂತೆ, ಟೇಲರೇ ಬರೆದಿಟ್ಟಿದ್ದಾನೆ. ಅದೇ ವರ್ಷ ರಾಜ ಗುಂಡಿಗೆ ಸತ್ತ. ತಾನೇ ಹೊಡೆದುಕೊಂಡ ಅನ್ನೋದು ಟೇಲರ್ ಬರೆದದ್ದು. ನಮ್ಮ ಕಡೆ ಹಿರಿಯರನ್ನು ಕೇಳಿ, ಬೇರೆಯೇ ಹೇಳುತ್ತಾರೆ.

ಹುಡುಗಿಯ ಚಹಾ ಆರಿ ಹೋಗಿತ್ತು.

ಈ ಬಂಗಲೆ ಉಳಿಸೋ ಮಾತು ಎತ್ತಿದರೆ ಗೆಳೆಯರೊಬ್ಬರು ಯಾವಾಗಲೂ ಕೇಳುತ್ತಾರೆ, ಬಿಳಿಯರ ಬಂಗಲೆ ನಮಗ್ಯಾಕೆ, ಕೆಡವಿ ಒಂದು ಭವನ ಕಟ್ಟಲಿ ಅಂತ. ಅಲ್ಲ ಸ್ವಾಮಿ, ಅದನ್ನು ಕಟ್ಟಿದ ಕೈಗಳು ಯಾರವು? ಕಲ್ಲು ಯಾವ ಗುಡ್ಡದ್ದು? ಕೆಡವಿದರೆ ಟೇಲರ್‌ಗೇನೂ ಆಗಲ್ಲ, ಅವನು 1876ರಲ್ಲೇ ತೀರಿಕೊಂಡ. ಹೋಗೋದು ನಮ್ಮ ರಾಜನ ಕತೆಗಿರುವ ಒಂದು ಗುರುತು.

ಬಂಗಲೆ ಬಹಳ ವರ್ಷ ಸರ್ಕಾರಿ ಅತಿಥಿಗೃಹವಾಗಿ ಬಳಕೆಯಾಗಿದೆ. ಅದನ್ನು ಸುಮ್ನೆ ಬೈಯೋದು ಬೇಡ. ದೀಪ ಹಚ್ಚೋರು, ಕಸ ಹೊಡೆಯೋರು ಇದ್ದರೆ ಮನೆ ನಿಲ್ಲುತ್ತೆ, ಬೀಗ ಬಿದ್ದ ಮನೆಯನ್ನು ಗೆದ್ದಲು ಮತ್ತು ಆಲದ ಸಸಿ ಹಂಚಿಕೊಳ್ಳುತ್ತವೆ. ಆದರೆ ಯಾರೋ ಒಂದು ರಾತ್ರಿ ಮಲಗಿ ಎದ್ದು ಹೋಗೋದಕ್ಕಿಂತ ಜಾಸ್ತಿ ಕೆಲಸ ಆ ಮನೆಯಿಂದ ಆಗಬಹುದು ಅಲ್ವಾ?

ನನ್ನ ತಮ್ಮನಂಥವನೊಬ್ಬ ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದಾನೆ. ಮನೆಯಲ್ಲಿ ಎರಡೇ ಕೋಣೆ, ಒಂದರಲ್ಲಿ ಟಿವಿ. ಕಲಬುರಗಿಗೆ ಹೋಗಿ ದುಡ್ಡು ಕೊಟ್ಟು ಒಂದು ಕುರ್ಚಿ ಹಿಡಿದು ಕೂತಿದ್ದಾನೆ. ಅಂಥ ಹುಡುಗರಿಗೆ ಗುಡ್ಡದ ಗಾಳಿಯಲ್ಲಿ ಓದೋಕೆ ಒಂದು ಹಾಲ್, ಹತ್ತಾರು ಮೇಜು, ಕುಡಿಯುವ ನೀರು. ಇನ್ನೊಂದು ಕೋಣೆಯಲ್ಲಿ ಚಿನ್ನದ ಲೇಪದ ಸುರಪುರ ಶೈಲಿಯ ಚಿತ್ರಗಳು. ಹುಣಸಗಿ ಕಣಿವೆಯಲ್ಲಿ ಸಿಕ್ಕ ಆದಿಮಾನವರ ಕಲ್ಲಿನ ಕೊಡಲಿಗಳೂ ಇರಲಿ. ಅದೇ ಕಣಿವೆಯ ಇಸಾಂಪುರದ ಕಲ್ಲಿನ ಉಪಕರಣಗಳಿಗೆ ಸುಮಾರು 12 ಲಕ್ಷ ವರ್ಷ ಅಂತಾರೆ, ನಮ್ಮ ಮಕ್ಕಳು ಒಂದನ್ನಾದರೂ ಹತ್ತಿರದಿಂದ ನೋಡಿದ್ದಾರಾ? ಇದೇ ಕಡೆಯ ರಾಜನಕೋಳೂರಿನ ಪ್ರಾಚೀನ ಕಲ್ಲಿನ ಗೋರಿಗಳ ಬಗ್ಗೆ ಬರೆದವನೂ ಇದೇ ಟೇಲರ್. ಮತ್ತೆ ಒಂದು ಗೋಡೆ ಮೇಲೆ ರಾಜನ ಸಾವಿನ ಎರಡೂ ಕತೆ, ಅಕ್ಕಪಕ್ಕ. ಯಾವುದು ನಿಜ ಅಂತ ಹುಡುಗರೇ ಜಗಳಾಡಲಿ.

ದುರಸ್ತಿ ಅಂದ ಕೂಡಲೇ ನನಗೆ ಭಯ. ನಮ್ಮ ಅಜ್ಜನ ಮನೆಯದು ಕಲ್ಲಿನ ಗೋಡೆ, ಗಚ್ಚಿನ, ಅಂದರೆ ಸುಣ್ಣದ ಗಾರೆಯ ಗಿಲಾವು. ಹತ್ತು ವರ್ಷದ ಹಿಂದೆ ನಾವೇ ಬುದ್ಧಿವಂತರ ಹಾಗೆ ಹಳೇದು ಕೆತ್ತಿಸಿ ಸಿಮೆಂಟ್ ಹೊಡೆಸಿದೆವು, ಮೇಲೆ ತಿಳಿ ಹಸಿರು ಬಣ್ಣ. ಎರಡು ಮಳೆಗಾಲ ಅಷ್ಟೇ. ಗೋಡೆ ಸವಳು ಹಿಡಿದು, ಬಣ್ಣ ಹಪ್ಪಳದ ಹಾಗೆ ಉಬ್ಬಿ, ಬೆರಳು ತಾಗಿದರೆ ಬಿಳಿ ಪುಡಿ. ಮುದುಕ ಗೌಂಡಿಯೊಬ್ಬರು ಬಂದು ಗೋಡೆ ತಟ್ಟಿ ನೋಡಿ, "ಗಚ್ಚು ಇದ್ರ ನೀರು ಕುಡದು ತಾನೇ ಒಣಗ್ತಿತ್ರಿ. ಈಗ ನೀರು ಒಳಗೇ ಕುಂತದ, ಹೊರಗ ಬರ್ಲಿಕ್ಕಿ ದಾರಿನೇ ಇಲ್ಲ" ಅಂದರು. ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ಎಲ್ಲ ಹದ ನೋಡಿ ಕಲಸೋರು ಈಗ ಬೆರಳೆಣಿಕೆಯಷ್ಟು. ಮಂಜಿಲ್ ಕೆಲಸ ಶುರುವಾದರೆ ಅಂಥವರನ್ನು ಮೊದಲು ಕರೆಸಬೇಕು, ಅವರ ಜೊತೆ ನಾಲ್ಕು ಹುಡುಗರು ಕೆಲಸ ಕಲಿಯಬೇಕು. ಟೈಲ್ಸ್, ಪಿಒಪಿ, ಎಲ್‌ಇಡಿ ಪಟ್ಟಿ ದಯವಿಟ್ಟು ಬೇಡ.

ಖರ್ಚು ಯಾರು ಕೊಡಬೇಕು? ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಕಮಾನು, ಹೈಮಾಸ್ಟ್ ದೀಪ ಹಾಕಿಸೋರಿಗೆ ಇದೇನು ಭಾರ ಅಲ್ಲ. ಇಡೀ ಬಂಗಲೆ ಒಂದೇ ಸಲ ಬೇಡ, ಮೊದಲು ಒಂದು ಕೋಣೆ ತೆರೀಲಿ. ಬೆಳಗ್ಗೆ ಆರಕ್ಕೆ ಬೀಗ ತೆಗೆಯೋಕೆ ಒಬ್ಬರು ಬೇಕು. ಸುರಪುರದಲ್ಲಿರೋ ಗೆಳೆಯರೇ, ಮನವಿ ಬರೆದಿಟ್ಟಿದ್ದೀನಿ, ಸಹಿ ಹಾಕೋಕೆ ಬರೋರು ಕೆಳಗೆ ತಿಳಿಸಿ. ಅಕ್ಕನ ಮಗಳು ಆಗಲೇ ಹಾಕಿದ್ದಾಳೆ, ಸಹಿ ಇನ್ನೂ ಬರಲ್ಲ, ಪೂರ್ತಿ ಹೆಸರು ಬರೆದಿದ್ದಾಳೆ.